ಕೈಸನ್ನೆಯ ಡಾಕ್ಟರು

ಜ್ವರದ ವಾರ್ಡಿನಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ. ಹೆರಿಗೆ ವಾರ್ಡಿನಿಂದ ಓಪಿಡಿಗೆ ಹೋಗಲು ಎರಡು ದಾರಿ: ಒಂದು ಅಂಗಳ ಬಳಸಿ, ಇನ್ನೊಂದು ಈ ವಾರ್ಡಿನ ನಟ್ಟನಡುವೆ ಹಾದು. ಅಂಗಳಕ್ಕೆ ನೀರು ಬಿಟ್ಟು ತೊಳೆಯುತ್ತಿದ್ದರು, ಕಾಲು ಜಾರೀತು ಅನ್ನುವ ಒಂದೇ ಕಾರಣಕ್ಕೆ ಈ ಕಡೆಯಿಂದ ಬಂದಳು. ಹೆಂಗಸರ ಡಾಕ್ಟರಿಗೆ ಜ್ವರದವರ ಉಸಾಬರಿ ಯಾಕೆ; ಎರಡು ಸಾಲು ಮಂಚಗಳ ನಡುವೆ ಯಾರ ಮುಖವನ್ನೂ ನೋಡದೆ ನಡೆಯುವುದು ಇಷ್ಟು ವರ್ಷದಲ್ಲಿ ಚೆನ್ನಾಗಿ ರೂಢಿಯಾಗಿತ್ತು. ನೋಡಿದರೆ ನಿಲ್ಲಬೇಕು, ನಿಂತರೆ ಕೇಳಬೇಕು. ಕಿಟಕಿಯ ಪಕ್ಕದ ಮಂಚದಿಂದ "ಡಾಕ್ಟ್ರೇ" ಅನ್ನುವ ದನಿ ಬಂತು. ತಿರುಗಿದಳು. ಇಡೀ ದಿನ ಬಿಸಿಲಲ್ಲಿ ನಿಂತವರ ಹಾಗೆ ಕೆಂಪಾದ ಮುಖ, ಒಡೆದ ತುಟಿ, ಒಂದು ಕೈಗೆ ಡ್ರಿಪ್ಪು. ಆ ಹೆಂಗಸು ಡ್ರಿಪ್ಪಿನ ಕೈಯನ್ನೂ ಇನ್ನೊಂದು ಕೈಯನ್ನೂ ಎದೆಯ ಮೇಲೆ ಕೂಡಿಸಿ ಏನೋ ಮಾಡಿದಳು. ಕೈ ಮುಗಿಯುತ್ತಿದ್ದಾಳೆ ಅಂದುಕೊಂಡು ಇವಳು ನಕ್ಕಳು. "ಹುಷಾರಾಗ್ತೀಯಮ್ಮ, ಯೋಚನೆ ಮಾಡ್ಬೇಡ" ಎಂದು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿ, ಗಡಿಯಾರ ನೋಡಿಕೊಂಡು ಮುಂದೆ ಹೋದಳು. ಬಾಗಿಲು ದಾಟಿದ ಮೇಲೆ ಆ ಮುಖ ಯಾರದೆಂದು ಹೊಳೆಯಿತು. ಓಪಿಡಿಗೆ ಬಂದಿದ್ದ ಬಸ್ಸಿನ ಕಂಡಕ್ಟರಮ್ಮ. ಆದರೂ ಕಾಲು ನಿಲ್ಲಲಿಲ್ಲ, ಓಪಿಡಿಗೆ ಹೊರಟ ಕಾಲು ಓಪಿಡಿಗೇ ಹೋಯಿತು.

ಓಪಿಡಿ ಅಂದರೆ ಒಂದು ಮೇಜು, ಒಂದು ಸ್ಟೂಲು, ಗೋಡೆಗೆ ಒತ್ತಿದ ಒಂದು ಬೆಂಚು, ಮೂಲೆಯಲ್ಲಿ ಪರೀಕ್ಷೆಯ ಮಂಚ, ಅದಕ್ಕೆ ಮೊಣಕಾಲಿನ ತನಕ ಮಾತ್ರ ಇಳಿಯುವ ಒಂದು ಪರದೆ. ಸ್ಟೂಲಿನ ಮೇಲೆ ಒಬ್ಬರು ಕೂತಿದ್ದಾಗ ಮುಂದಿನ ಇಬ್ಬರು ಮೂವರು ಬೆಂಚಿನ ಮೇಲೆ ಬಂದು ಕೂತಿರಬೇಕು. ಎದ್ದು ಬರುವುದರಲ್ಲಿ, ಸೆರಗು ಸರಿಮಾಡಿಕೊಳ್ಳುವುದರಲ್ಲಿ ಹೊತ್ತು ಹಾಳಾಗಬಾರದೆಂದು ಈ ಏರ್ಪಾಟನ್ನು ಮಾಡಿದ್ದು ಅವಳೇ. ಹೊತ್ತೇನೋ ಉಳಿಯಿತು, ಮಾತು ನಿಂತುಹೋಯಿತು. ಬೆಂಚಿನ ಮೇಲೆ ಕೂತವರು ಮೈಯೆಲ್ಲ ಕಿವಿಯಾಗಿರುತ್ತಿದ್ದರು. ಹೆಂಡತಿಯ ಜೊತೆ ಬಂದ ಗಂಡ, ಸೊಸೆಯ ಜೊತೆ ಬಂದ ಅತ್ತೆ, ಯಾರಿಲ್ಲ ಅಂತ ಹೇಳುವುದು. ಸ್ಟೂಲಿನವಳು ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ಹಾಗಾಗಿ ಇವಳೇ ಕೈಯಲ್ಲಿ ಮಾತಾಡುವುದನ್ನು ಕಲಿತಳು. ಮೇಜಿನ ಮೇಲೆ ತೋರುಬೆರಳಿನಿಂದ ಒಂದು ಸುತ್ತು ಬರೆದರೆ, ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯಾ ಎಂದು. ಅಂಗೈ ಕವುಚಿ ಅಲ್ಲಾಡಿಸಿದರೆ, ಹೆಚ್ಚು ಹೋಗುತ್ತದೆಯಾ. ಎರಡು ಬೆರಳು ಹಿಂಡಿದರೆ, ನೋವಿದೆಯಾ. ಮುಷ್ಟಿ ಕಟ್ಟಿ ಅದರೊಳಗೆ ಬೆರಳು ತೂರಿಸಿದರೆ, ಈ ಮಾತ್ರೆ ನುಂಗುವುದಲ್ಲ, ಒಳಗೆ ಇಟ್ಟುಕೊಳ್ಳುವುದು. ಹೆಂಗಸರು ಬಲು ಬೇಗ ಕಲಿತರು. ಅವರೂ ಮೇಜಿನ ಮೇಲೆ ಸುತ್ತು ಬರೆದು, ಕೈ ಅಲ್ಲಾಡಿಸಿ ಉತ್ತರ ಕೊಡುತ್ತಿದ್ದರು. ಬಾಯಿ ಬಿಡದೆ ಇಡೀ ಓಪಿಡಿ ಮುಗಿಯುತ್ತಿತ್ತು. ಬಾಗಿಲಲ್ಲಿ ನಿಂತು ಹೆಸರು ಕೂಗುವ ಆಯಾ, ಬೆನ್ನ ಹಿಂದೆ, "ನಮ್ಮ ಕೈಸನ್ನೆ ಡಾಕ್ಟ್ರು" ಅನ್ನುತ್ತಾಳೆಂದು ಗೊತ್ತಿತ್ತು. ಅದರಲ್ಲಿ ಅವಳಿಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಹಾಗೆಂದು ಅವಳು ಮಾತು ಬಾರದವಳಲ್ಲ. ಹೈಸ್ಕೂಲುಗಳಿಗೆ ಕರೆದರೆ ಹೋಗಿ ಮೈಕು ಹಿಡಿದು ನಿಲ್ಲುತ್ತಿದ್ದಳು, ಬೋರ್ಡಿನ ಮೇಲೆ ಚಿತ್ರ ಬಿಡಿಸಿ ತೋರಿಸುತ್ತಿದ್ದಳು, ಗರ್ಭಕೋಶ ಹಾಗೆ, ಅಂಡಾಶಯ ಹೀಗೆ, ಆ ದಿನಗಳಲ್ಲಿ ವೈಯಕ್ತಿಕ ಶುಚಿತ್ವ ಬಹಳ ಮುಖ್ಯ. ಚಪ್ಪಾಳೆ ಬೀಳುತ್ತಿತ್ತು, ಮುಖ್ಯೋಪಾಧ್ಯಾಯಿನಿ ಹೂಗುಚ್ಛ ಕೊಡುತ್ತಿದ್ದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಸ್ವಂತ ಮಗಳಿಗೆ ಅದು ಬಂದ ದಿನ ದಿಂಬಿನ ಮೇಲೆ ಒಂದು ಪೊಟ್ಟಣ ಇಟ್ಟು ಡ್ಯೂಟಿಗೆ ಹೊರಟುಬಂದಿದ್ದಳು. ಸಂಜೆ ಬಂದಾಗ ಮಗಳು ಫೋನಿನಿಂದ ಕಣ್ಣೆತ್ತದೆ, "ಎಲ್ಲಾ ನೋಡ್ಕೊಂಡೆ ಬಿಡು. ಅಮ್ಮ, ನೀನು ಇದಕ್ಕೇ ಡಾಕ್ಟರಲ್ವಾ?" ಅಂದಿದ್ದಳು. ತಮಾಷೆಗೇ ಅಂದದ್ದು. ಆದರೂ ಈಗ, ಸ್ಟೂಲಿನ ಮೇಲೆ ಕೂತ ಹೆಂಗಸು ತನ್ನ ಹೊಟ್ಟೆನೋವಿನ ಕತೆ ಹೇಳುತ್ತಿರುವಾಗ, ಆ ಮಾತು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ಕಚ್ಚಿತು. "ಎಷ್ಟು ದಿನದಿಂದ?" ಎಂದು ಕೇಳಿದಳು. ಆ ಹೆಂಗಸು ಆಗಲೇ ಎರಡು ಸಲ ಹೇಳಿಯಾಗಿತ್ತು.

ಜ್ವರ. ಮೈ ಕೆಂಪು. ವಾಂತಿ ಆಗುತ್ತಿದೆಯೋ ಏನೋ, ಮಂಚದ ಕೆಳಗೆ ಬೇಸಿನ್ನು ಇತ್ತಲ್ಲ. ಊರಿನಲ್ಲಿ ಜ್ವರ ಓಡಾಡುತ್ತಿದೆ, ಯಾರಿಗೆ ಬಂದಿಲ್ಲ. ಮನೆ ಮನೆಯಲ್ಲಿ ಒಬ್ಬೊಬ್ಬರು ಮಲಗಿದ್ದಾರೆ. ಬಸ್ಸಿನಲ್ಲಿ ಸಾವಿರ ಜನರ ಉಸಿರು ಕುಡಿಯುವವಳಿಗೆ ಬರದೆ ಇನ್ಯಾರಿಗೆ ಬರಬೇಕು. ಹೀಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಮಾತ್ರೆ ಬರೆದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಅಂತ ಯಾರೂ ಅಂದಿರಲೂ ಇಲ್ಲ. ಕಂಡಕ್ಟರಮ್ಮ ಇದೇ ಸ್ಟೂಲಿನ ಮೇಲೆ, ಖಾಕಿ ಅಂಗಿಯ ತೋಳು ಮಡಿಸಿಕೊಂಡು, ಚರ್ಮದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೊದಲ ಸಲ ಬಂದಾಗ ತುರಿಕೆ. ಒಳಗಿಡುವ ಮಾತ್ರೆ ಕೊಟ್ಟಿದ್ದಾಯಿತು, ವಾಸಿಯೂ ಆಯಿತು. ಹೋದ ವಾರ ಎರಡನೇ ಸಲ ಬಂದವಳು ಕೈಸನ್ನೆಗೆ ಕಾಯಲಿಲ್ಲ. "ನೋಡಿ ಡಾಕ್ಟ್ರೇ, ಬೆಳಗ್ಗೆ ಬಸ್ ಹತ್ತಿದ್ರೆ ಇಳಿಯೋದು ಸಂಜೆ. ಗಂಡಸ್ರಿಗೆ ಎಲ್ಲಾದ್ರೂ ಒಂದು ಗೋಡೆ ಸಿಗುತ್ತೆ, ನಮಗೇನು ಸಿಗುತ್ತೆ? ಒಂದೇ ಪ್ಯಾಡು ಬೆಳಗಿಂದ ಸಂಜೆ ತನಕ. ತೊಡೆಯೆಲ್ಲ ಸುಲಿದು ಹೋಗಿದೆ. ಸೀಟಲ್ಲಿ ಕೂರೋ ಹಾಗಿಲ್ಲ, ಕಂಬ ಹಿಡ್ಕೊಂಡು ನಿಂತೇ ಟಿಕೆಟ್ ಕೊಡ್ತಿದೀನಿ." ಹಿಂದಿನ ಸೀಟಿನವರಿಗೂ ಕೇಳುವ ದನಿ. ಬೆಂಚಿನ ಮೇಲಿದ್ದವರೆಲ್ಲ ಒಮ್ಮೆಗೇ ನೆಲ ನೋಡಿದರು. ಇವಳ ಕಿವಿ ಬಿಸಿಯಾಯಿತು. "ಮೆಲ್ಲಗೆ ಮಾತಾಡಮ್ಮ" ಅಂದಳು. "ಮೆಲ್ಲಗೆ ಮಾತಾಡಿದ್ರೆ ನಮ್ಮ ಬಸ್ಸಲ್ಲಿ ಯಾರೂ ದುಡ್ಡೇ ಬಿಚ್ಚಲ್ಲ ಡಾಕ್ಟ್ರೇ" ಎಂದು ಕಂಡಕ್ಟರಮ್ಮ ನಕ್ಕಳು, ಆಮೇಲೆ ಡಾಕ್ಟರ ಮುಖ ನೋಡಿ ನಗು ನಿಲ್ಲಿಸಿದಳು.

ಔಷಧಿ ಕಂಪನಿಯವನೊಬ್ಬ ಬಿಟ್ಟುಹೋದ ಡಬ್ಬಿ ಡ್ರಾಯರಿನಲ್ಲಿತ್ತು. ಬೆರಳಿನಷ್ಟು ಉದ್ದದ, ಗಟ್ಟಿಯಾಗಿ ಸುತ್ತಿದ ಹತ್ತಿಯ ಸುರುಳಿಗಳು, ಒಂದೊಂದಕ್ಕೂ ಬಾಲದ ಹಾಗೆ ಒಂದು ದಾರ. ಒಳಗಿಟ್ಟುಕೊಂಡರೆ ಅಲ್ಲೇ ಹೀರಿಕೊಳ್ಳುತ್ತದೆ, ಮೈಗೆ ಉಜ್ಜುವುದಿಲ್ಲ. ಕೆಲವು ಗಂಟೆಗೊಮ್ಮೆ ದಾರ ಹಿಡಿದು ಎಳೆದು ತೆಗೆದುಬಿಡಬೇಕು, ಮರೆತು ಬಿಡಬಾರದು, ಒಂದು ಇರುವಾಗ ಇನ್ನೊಂದು ಇಡಬಾರದು. ಬಿಟ್ಟರೆ ವಿಷವಾಗಿ ಮೈಗೇರುತ್ತದೆ. ಇದನ್ನೆಲ್ಲ ಹೇಳಲು ಎಷ್ಟು ಹೊತ್ತು ಬೇಕು. ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಡ. ಒಂದಷ್ಟನ್ನು ಕಾಗದದಲ್ಲಿ ಸುತ್ತಿ, ಚಿತ್ರ ಅಚ್ಚಾಗಿದ್ದ ಡಬ್ಬಿಯನ್ನು ಡ್ರಾಯರಿನಲ್ಲೇ ಉಳಿಸಿಕೊಂಡು, ಮೇಜಿನ ಅಂಚಿನ ಮರೆಯಲ್ಲಿ ಕೊಟ್ಟಳು. ಬಲಗೈ ಮುಷ್ಟಿ ಕಟ್ಟಿ ಎಡಗೈಯ ಬೆರಳನ್ನು ಅದರೊಳಗೆ ತೂರಿಸಿ ತೋರಿಸಿದಳು. ಕಂಡಕ್ಟರಮ್ಮ ತಲೆಯಾಡಿಸಿದಳು. ಬೆರಳನ್ನು ಹೊರಗೆ ಎಳೆದು ತೋರಿಸಬೇಕು ಅನ್ನುವಾಗ ಬೆಂಚಿನ ಮೇಲಿದ್ದ ಒಬ್ಬ ಮುದುಕ, ಹೆಂಡತಿಯ ಜೊತೆ ಬಂದವನು, ತಲೆಯೆತ್ತಿ ನೇರ ಅವಳ ಕೈಯನ್ನೇ ನೋಡಿದ. ಪಾಪ, ಅವನಿಗೆ ಏನು ಅರ್ಥವಾಗಿತ್ತೋ, ಸುಮ್ಮನೆ ನೋಡಿದನೋ. ಇವಳು ಎರಡೂ ಕೈಗಳನ್ನು ಹಾಗೇ ಮೇಜಿನ ಕೆಳಗೆ ಅಡಗಿಸಿದಳು. "ಗೊತ್ತಾಯ್ತಲ್ಲ?" "ಹ್ಞೂಂ ಡಾಕ್ಟ್ರೇ." "ಮುಂದಿನವ್ರು ಬನ್ನಿ."

ಬೆರಳು ಹೊರಗೆ ಬಂದಿತ್ತೋ ಇಲ್ಲವೋ. ಬೆಳಗಿನಿಂದ ಅವಳು ಇದನ್ನೇ ನೆನಪು ಮಾಡಿಕೊಳ್ಳುತ್ತಿದ್ದಳು. ಬಂದಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು, ಖಂಡಿತ ಬಂದಿರಬೇಕು, ಅಷ್ಟು ಅನುಭವದ ಕೈ. ಆದರೆ ಮೇಜಿನ ಕೆಳಗೆ, ತೊಡೆಯ ಮೇಲೆ, ಮುಷ್ಟಿಯೊಳಗೆ ಇನ್ನೂ ಸಿಕ್ಕಿಕೊಂಡಿದ್ದ ಬೆರಳು ಬೆವರಿದ್ದು ಕೈಗೆ ನೆನಪಿತ್ತು. ತಲೆಗೆ ಹೇಳಿದ ಸುಳ್ಳನ್ನು ಕೈ ಒಪ್ಪುತ್ತಿರಲಿಲ್ಲ. ಅವಳಿಗೇ ಅದು ಮೊದಲ ಸಲ ಬಂದ ದಿನ ಅವಳ ಅಕ್ಕ ಅವಳನ್ನು ಬಾಗಿಲ ಹಿಂದಕ್ಕೆ ಎಳೆದು, ಮಡಿಸಿದ ಬಟ್ಟೆಯೊಂದನ್ನು ಕೈಗೆ ತುರುಕಿ, "ಇಟ್ಕೋ. ಅಪ್ಪನಿಗೆ ಗೊತ್ತಾಗ್ಬಾರ್ದು" ಅಂದದ್ದಷ್ಟೇ, ಎಲ್ಲಿ ಇಟ್ಟುಕೊಳ್ಳುವುದು ಅಂತ ಹೇಳಿರಲಿಲ್ಲ. ಅವಳು ಅದನ್ನು ಲಂಗದ ಜೇಬಿನಲ್ಲಿ ಇಟ್ಟುಕೊಂಡು ಸ್ಕೂಲಿಗೆ ಹೋಗಿದ್ದಳು. ಮಧ್ಯಾಹ್ನ ಬೆಂಚಿನಿಂದ ಏಳುವಾಗ ಹಿಂದಿನವರೆಲ್ಲ ನಕ್ಕದ್ದು, ಜೇಬಿನಲ್ಲಿ ಬಟ್ಟೆ ಹಾಗೇ ಬೆಚ್ಚಗೆ, ಚೊಕ್ಕವಾಗಿ ಇದ್ದದ್ದು. ಎಷ್ಟೋ ವರ್ಷಗಳ ಮೇಲೆ ಅಕ್ಕನ ಜೊತೆ ಈ ಮಾತೆತ್ತಿ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಈಗ ನಗು ಬರಲಿಲ್ಲ. "ಡಾಕ್ಟ್ರೇ, ಚೀಟಿ" ಎಂದು ಸ್ಟೂಲಿನ ಮೇಲಿನ ಹೆಂಗಸು ಕೈಚಾಚಿದಳು, ಬರೆದ ಚೀಟಿಯನ್ನು ಇವಳೇ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು.

ಮೂತ್ರಕ್ಕೆ ಹೋಗಿಬರುತ್ತೇನೆಂದು ಆಯಾಳಿಗೆ ಹೇಳಿ ಹೊರಗೆ ಬಂದಳು. ಜ್ವರದ ವಾರ್ಡಿನ ಹಿರಿಯ ಡಾಕ್ಟರು ಕಾರಿಡಾರಿನಲ್ಲೇ ಸಿಕ್ಕರು. ಇಡೀ ಆಸ್ಪತ್ರೆಗೆ ಅವರು ಜ್ವರದ ಡಾಕ್ಟ್ರು. ಎತ್ತರದ ಆಳು, ಮಾತಿಗೊಂದು ಕುಹಕ. ಹಿಂದೆ ಇಬ್ಬರು ಹುಡುಗ ಡಾಕ್ಟರುಗಳು, ಪಕ್ಕದಲ್ಲಿ ಎಕ್ಸ್‌ರೇಯವನು. ಒಮ್ಮೆ ಮೀಟಿಂಗಿನಲ್ಲಿ ಎಲ್ಲರ ಮುಂದೆ, "ನಮ್ಮ ಮೇಡಂ ಹತ್ರ ತಲೆನೋವು ಅಂತ ಹೋದ್ರೂ ಗರ್ಭಕೋಶ ನೋಡ್ತಾರೆ" ಎಂದು ನಗಿಸಿದ್ದರು, ಅವಳೂ ನಕ್ಕಿದ್ದಳು. "ಸರ್, ಕಿಟಕಿ ಪಕ್ಕದ ಪೇಷೆಂಟು, ಆ ಕಂಡಕ್ಟರು..." "ಓ, ಅದಾ. ಎಲ್ಲೋ ಏನೋ ಹಳಸಿದ್ದು ತಿಂದಿರ್ಬೇಕು. ವಾಂತಿ, ಭೇದಿ, ಜ್ವರ. ಬೆಳಗ್ಗೆಯಿಂದ ಬಿಪಿ ಇಳೀತಿದೆ, ಅದೇ ಯೋಚನೆ. ಯಾಕೆ ಮೇಡಂ, ಪರಿಚಯದವ್ರಾ?" "ಇಲ್ಲ ಸರ್. ಓಪಿಡೀಲಿ ಒಂದ್ಸಲ ನೋಡಿದ್ದೆ." "ನಿಮ್ಮ ಕಡೆಯಿಂದ ಏನಾದ್ರೂ ಇದೆಯಾ?" ಇಷ್ಟು ನೇರವಾಗಿ ಕೇಳಿದರು. ದೇವರೇ ಬಾಗಿಲು ತೆಗೆದು ನಿಂತ ಹಾಗೆ ಕೇಳಿದರು. ಹುಡುಗ ಡಾಕ್ಟರುಗಳು ಅವಳನ್ನು ನೋಡಿದರು, ಎಕ್ಸ್‌ರೇಯವನೂ ನೋಡಿದ. ಮಾತು ಬಿಸಿತುಪ್ಪವಾಯಿತು, ನುಂಗೋಕೂ ಆಗದು ಉಗುಳೋಕೂ ಆಗದು. "ನೋಡ್ತೀನಿ ಸರ್" ಅಂದಳು. "ನೋಡಿ, ನೋಡಿ" ಎಂದು ಅವರು ಹೊರಟೇ ಹೋದರು. ಬಿಪಿ ಇಳಿಯುತ್ತಿದೆ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲವೇ. ಮತ್ತೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಕೂತಳು ಅನ್ನುವುದೇ ನಾಚಿಕೆಗೇಡು, ಆದರೆ ಕೂತಳು.

ಸ್ಟೂಲಿನ ಮೇಲೆ ಈಗ ಹೊಸದಾಗಿ ಮದುವೆಯಾದ ಹುಡುಗಿ, ಹಿಂದೆ ಅವಳ ಅತ್ತೆ. ಹುಡುಗಿಯ ಬಾಯಿಗೆ ಬೀಗ. ಅತ್ತೆಯೇ, "ಎಲ್ಲಾ ಸರಿಯಾಗೇ ಇದೆ ಡಾಕ್ಟ್ರೇ, ಸ್ವಲ್ಪ ಬಿಳಿ ಹೋಗುತ್ತೆ ಅಷ್ಟೇ" ಎಂದು ಶುರುಮಾಡಿದಳು. ಅಭ್ಯಾಸಬಲ, ಇವಳ ಬೆರಳು ಮೇಜಿನ ಮೇಲೆ ಸುತ್ತು ಬರೆಯಿತು. ಹುಡುಗಿ ತಲೆಯಾಡಿಸಿದಳು. ಒಳಗಿಡುವ ಮಾತ್ರೆಯನ್ನು ಮುಂದೆ ತಳ್ಳಿ, ಬಲಗೈ ಮುಷ್ಟಿ ಕಟ್ಟಿ, ಎಡಗೈಯ ಬೆರಳನ್ನು ಅದರೊಳಗೆ ತೂರಿಸಿದಳು. ಅಲ್ಲಿಗೆ ಕೈ ನಿಂತಿತು. ಇದೇ ಸನ್ನೆ. ಕರಗುವ ಮಾತ್ರೆಗೂ ಇದೇ, ಕರಗದ ಹತ್ತಿಗೂ ಇದೇ. ಮೊದಲ ಸಲದ ಮಾತ್ರೆಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ, ತಾನೇ ಕರಗುತ್ತದೆ. ಎರಡನೆಯದಕ್ಕೂ ಅದೇ ಕೈ, ಅದೇ ಬೆರಳು. ಬೆಳಗ್ಗೆ ಮಂಚದ ಮೇಲೆ ಆ ಹೆಂಗಸು ಡ್ರಿಪ್ಪಿನ ಸೂಜಿ ಚುಚ್ಚಿದ ಕೈಯಿಂದ ಮುಷ್ಟಿ ಕಟ್ಟಿ ಮಾಡಿದ್ದು ನಮಸ್ಕಾರವಾಗಿರಲಿಲ್ಲ. ಡಾಕ್ಟರ ಭಾಷೆಯಲ್ಲೇ ಡಾಕ್ಟರಿಗೆ ಹೇಳಿದ್ದಳು. ಆಗ ಅದು ಅರ್ಥವಾಗಲಿಲ್ಲ ಅನ್ನುವುದೂ ಪೂರಾ ನಿಜವಲ್ಲ. ಅರ್ಥವಾದೀತು ಅಂತಲೇ ಗಡಿಯಾರ ನೋಡಿಕೊಂಡದ್ದು. ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಏನಾಯ್ತು ಡಾಕ್ಟ್ರೇ?" ಎಂದು ಅತ್ತೆ ಗಾಬರಿಯಾದಳು. ಇವಳು ಉತ್ತರ ಕೊಡದೆ ಬಾಗಿಲಿಗೆ ಹೋದಳು, ಅಲ್ಲಿಂದ ಓಡಿದಳು. ಅಂಗಳ ಇನ್ನೂ ಒದ್ದೆಯಿತ್ತು, ಅದರಲ್ಲೇ ಓಡಿದಳು.

ವಾರ್ಡಿನಲ್ಲಿ ಆಗ ನೋಡಲು ಬಂದವರ ಗದ್ದಲ. ಪ್ರತಿ ಮಂಚಕ್ಕೂ ನಾಲ್ಕಾರು ಜನ, ಚೀಲ, ನೀರಿನ ಬಾಟಲಿ, ಅಳುವ ಮಗು. ಕಂಡಕ್ಟರಮ್ಮನ ಮಂಚದ ಪಕ್ಕದಲ್ಲಿ ಉಗುರಿನ ಸಂದಿಯಲ್ಲೆಲ್ಲ ಸುಣ್ಣಬಣ್ಣ ಮೆತ್ತಿದ ಒಬ್ಬ ಗಂಡಸು, ಅವಳ ಗಂಡನಿರಬೇಕು, ಗೋಡೆಗೆ ಬಣ್ಣ ಹೊಡೆಯುವ ಕೆಲಸದಿಂದ ಎದ್ದು ಹಾಗೇ ಬಂದವನು; ಅವನ ಪಕ್ಕದಲ್ಲಿ ಯೂನಿಫಾರ್ಮು ಹಾಕಿದ ಹನ್ನೊಂದು ವರ್ಷದ ಹುಡುಗಿ, ಮಂಚದ ಕಂಬಿ ಹಿಡಿದುಕೊಂಡು. ಕಂಡಕ್ಟರಮ್ಮನ ಕಣ್ಣು ತೆರೆದೇ ಇತ್ತು, ಆದರೆ ಇಲ್ಲಿ ಇರಲಿಲ್ಲ. "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಗೊಣಗುತ್ತಿದ್ದಳು. ಇವಳು ಅವಳ ಕೈ ಹಿಡಿದಳು, ಸುಡುತ್ತಿತ್ತು; ನಾಡಿ ಬೆರಳಿಗೆ ಸಿಕ್ಕಲೇ ಇಲ್ಲ ಅನ್ನುವಷ್ಟು ಸಣ್ಣಗೆ. ಬಾಗಿ ಕಿವಿಯ ಹತ್ತಿರ ಪಿಸುಗುಟ್ಟಿದಳು, "ಅಮ್ಮ, ನಾನು ಕೊಟ್ಟಿದ್ದು... ಅದು... ತೆಗೆದ್ಯಾ?" "ಏನು?" "ಅದು..." "ಕೇಳ್ಸಲ್ಲ." ವರ್ಷಗಟ್ಟಲೆ ಎಂಜಿನ್ನಿನ ಪಕ್ಕ ನಿಂತ ಕಿವಿ. ಇವಳು ಮುಷ್ಟಿ ಕಟ್ಟಿ ಅವಳ ಕಣ್ಣಿನ ಮುಂದೆ ಹಿಡಿದಳು, ಬೆರಳು ತೂರಿಸಿ ಹೊರಗೆ ಎಳೆದಳು, ಮತ್ತೆ ಎಳೆದಳು. ಕಂಡಕ್ಟರಮ್ಮನ ಕಣ್ಣು ಅವಳ ಕೈಯನ್ನು ದಾಟಿ ಎಲ್ಲೋ ನೋಡುತ್ತಿತ್ತು. ಮಂಚದ ಸುತ್ತ ಇದ್ದವರು ಈ ಡಾಕ್ಟರಿಗೆ ಏನಾಯಿತೆಂದು ನೋಡತೊಡಗಿದರು. ಸಿಸ್ಟರ್ ಓಡಿ ಬಂದಳು, "ಮೇಡಂ, ಬಿಪಿ ಸಿಗ್ತಿಲ್ಲ, ಸರ್‌ಗೆ ಹೇಳಿಕಳ್ಸಿದೀನಿ."

ಆಗ ಅವಳು ಕೂಗಿದಳು. ಅಂಥ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ನಾನು ಹತ್ತಿ ಸುರುಳಿ ಕೊಟ್ಟಿದ್ನಲ್ಲ, ರಕ್ತ ಹೋಗೋವಾಗ ಒಳಗೆ ಇಟ್ಕೋ ಅಂತ. ಇಟ್ಕೊಂಡಿದ್ದನ್ನ ಹೊರಗೆ ತೆಗೆದ್ಯಾ?" ಅಳುತ್ತಿದ್ದ ಮಗು ಏನೋ ಎಂದು ಅಳು ನಿಲ್ಲಿಸಿತು. ಗಂಡಸರು ಕಿಟಕಿಯ ಕಡೆ ತಿರುಗಿದರು, ಹೆಂಗಸರು ಸೆರಗು ಬಾಯಿಗೆ ಹಿಡಿದರು. ಬಣ್ಣದವನು ತಲೆ ತಗ್ಗಿಸಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಆ ಕೂಗು ಕಂಡಕ್ಟರಮ್ಮನಿಗೆ ಮುಟ್ಟಿತು. ಕಣ್ಣು ಎಲ್ಲಿಂದಲೋ ತಿರುಗಿ ಬಂದು ಡಾಕ್ಟರ ಮೇಲೆ ನಿಂತಿತು. "ತೆಗೀಬೇಕಿತ್ತಾ?" ಅಂದಳು. ಉಸಿರು ಎಳೆದುಕೊಂಡು, "ಮಾತ್ರೆ ಕರಗಿತ್ತಲ್ಲ. ಇದೂ ಕರಗುತ್ತೆ ಅನ್ಕೊಂಡೆ. ಒಂದಾದ್ಮೇಲೆ ಇನ್ನೊಂದು ಇಟ್ಟೆ. ದಾರ ಚುಚ್ತಿತ್ತು, ಕತ್ತರಿಸಿ ಹಾಕ್ದೆ" ಅಂದಳು. ಅಷ್ಟು ಹೇಳಿ ಮತ್ತೆ ಬಸ್ಸಿಗೆ ಹೋದಳು, ಮುಂದೆ ಹೋಗಿ, ಮುಂದೆ ಹೋಗಿ.

ಪರದೆ ಎಳೆದು, ದೀಪ ಹಿಡಿಸಿ, ಗ್ಲೌಸು ಹಾಕಿಕೊಂಡ ಮೇಲೆ ಕೆಲಸ ಅವಳ ಕೈಗೆ ಗೊತ್ತಿತ್ತು. ಮೊದಲು ಒಂದು ಬಂತು, ಅದರ ಹಿಂದೆ ಒತ್ತಿಕೊಂಡು ಇನ್ನೊಂದು, ದಾರವಿಲ್ಲದ ಎರಡು ಮುದ್ದೆಗಳು, ಕೊಳೆತ ವಾಸನೆ. ಸಿಸ್ಟರ್ ಮುಖ ತಿರುಗಿಸಿದಳು. ಇವಳು ತಿರುಗಿಸಲಿಲ್ಲ. ಪರದೆಯ ಆಚೆಯಿಂದ ಜ್ವರದ ಡಾಕ್ಟರ ಬೂಟಿನ ಸದ್ದು ಕೇಳಿತು. ಒಳಗೆ ಬಂದು ಟ್ರೇಯಲ್ಲಿದ್ದದ್ದನ್ನು ನೋಡಿದರು, ಕೆಂಪಾದ ಮೈ ನೋಡಿದರು, ಕುಹಕವೆಲ್ಲ ಎಲ್ಲಿ ಹೋಯಿತೋ. "ಇದಾ" ಅಂದರು. ಔಷಧಿ ಬದಲಾಯಿಸಲು ಹೇಳಿದರು, ಎರಡನೇ ಡ್ರಿಪ್ಪು ಹಾಕಲು ಹೇಳಿದರು, ಐಸಿಯುಗೆ ಫೋನು ಮಾಡಲು ಹೇಳಿದರು. ಎಲ್ಲವನ್ನೂ ಚುರುಕಾಗಿ, ಸರಿಯಾಗಿ. ಆಮೇಲೆ, "ಯಾರು ಕೊಟ್ಟಿದ್ದು ಇದನ್ನ?" ಎಂದು ಕೇಳಿದರು. "ನಾನೇ ಸರ್." "ಹೇಗೆ ಬಳಸ್ಬೇಕು ಅಂತ ಹೇಳಿರ್ತೀರಲ್ಲ." ಕೇಳಿದ್ದಲ್ಲ ಅದು, ದಾಟಿಕೊಳ್ಳಲು ಹಲಗೆ ಹಾಕಿಕೊಟ್ಟದ್ದು. ಸಿಸ್ಟರ್ ಕೂಡ, "ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ ಸರ್" ಎಂದು ಇನ್ನೊಂದು ಹಲಗೆ ಹಾಕಿದಳು. ದಾಟಿಬಿಡಬಹುದಿತ್ತು. ಆ ಒಂದು ಗಳಿಗೆ ಅವಳ ಮೈಗೆ ಎಷ್ಟು ಹಾಯೆನಿಸಿತು ಅನ್ನುವುದು ಅವಳಿಗೆ ಮಾತ್ರ ಗೊತ್ತು. ಮಂಚದ ಮೇಲಿದ್ದವಳು ಹೌದು ಅಲ್ಲ ಅನ್ನುವ ಸ್ಥಿತಿಯಲ್ಲಿ ಇರಲಿಲ್ಲ. "ಇಲ್ಲ ಸರ್. ನಾನು ಹೇಳಿರ್ಲಿಲ್ಲ" ಅಂದಳು. ಕೂಗಿದ ದನಿ ಇನ್ನೂ ಇಳಿದಿರಲಿಲ್ಲ, ಇದೂ ಇಡೀ ವಾರ್ಡಿಗೆ ಕೇಳಿತು. ಜ್ವರದ ಡಾಕ್ಟರು ಅವಳನ್ನು ಒಂದು ಕ್ಷಣ ನೋಡಿ, ಮಂಚದ ತುದಿ ಹಿಡಿದು ತಳ್ಳತೊಡಗಿದರು.

ಐಸಿಯು ಬಾಗಿಲು ಮುಚ್ಚಿದ ಮೇಲೆ ಕಾರಿಡಾರಿನಲ್ಲಿ ಅವರು ಮೂವರೇ ಉಳಿದರು ಅನ್ನುವಂತಿರಲಿಲ್ಲ. ಜನ ಹೋಗುತ್ತ ಬರುತ್ತ ಇದ್ದರು, ಗೋಡೆಯ ಉದ್ದಕ್ಕೂ ಬೇರೆ ರೋಗಿಗಳ ಕಡೆಯವರು ಕೂತಿದ್ದರು. ಬಣ್ಣದವನೂ ಮಗಳೂ ಬಾಗಿಲಿಗೆ ಎದುರಾದ ಬೆಂಚಿನ ಮೇಲೆ. ಅವಳ ಓಪಿಡಿ ಕಾಯುತ್ತಿತ್ತು. ಹೊಸ ಮದುವೆಯ ಹುಡುಗಿ ಸ್ಟೂಲಿನ ಮೇಲೆ ಹಾಗೇ ಕೂತಿರಬಹುದು. ಹೋಗಬಹುದಿತ್ತು, ಕಾಲು ಈಗ ಹೋಗಲೊಲ್ಲದು. ಅವನು ಎದ್ದು ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡಳು. ಹೊಡೆದರೆ ಹೊಡೆಯಲಿ ಅಂತಲೂ ಅಂದುಕೊಂಡಳು, ಕೆನ್ನೆಯ ಚರ್ಮ ಆಗಲೇ ಬಿಗಿದುಕೊಂಡಿತ್ತು. ಅವನು ಕೈಯೆತ್ತಲಿಲ್ಲ. "ಬದುಕ್ತಾಳಾ?" ಎಂದು ಕೇಳಿದ. "ಈಗ್ಲೇ ಹೇಳೋಕಾಗಲ್ಲಪ್ಪ. ವಿಷ ರಕ್ತಕ್ಕೆ ಸೇರಿದೆ. ಔಷಧಿಗೆ ಮೈ ಒಪ್ಬೇಕು. ನಾನು ಬೆಳಗ್ಗೆಯೇ..." ಅಂದಳು, ಮುಂದೆ ಹೋಗಲಿಲ್ಲ. "ನೀವು ಕೂಗಿದ್ದು ಕೇಳಿಸ್ತು. ಆಮೇಲೆ ಹೇಳಿದ್ದೂ ಕೇಳಿಸ್ತು" ಅಂದ ಅವನು. ಅದರಲ್ಲಿ ಸಿಟ್ಟಿತ್ತು, ಇಲ್ಲದೆ ಹೇಗಿರುತ್ತದೆ. ಆದರೆ ಅದನ್ನು ಅವನು ಎಲ್ಲೋ ಪಕ್ಕಕ್ಕೆ ಇಟ್ಟಿದ್ದ, ಈಗ ಅದಕ್ಕೆ ಹೊತ್ತಿಲ್ಲ ಅನ್ನುವ ಹಾಗೆ.

"ಇವಳಿಗಿನ್ನೂ ಆಗಿಲ್ಲ" ಎಂದು ಮಗಳ ಕಡೆ ನೋಡಿದ. "ಇವತ್ತೋ ನಾಳೆಯೋ. ಇವಳಮ್ಮ ಹೇಳ್ಕೊಡ್ತಾಳೆ ಅಂತ ನಾನು ಸುಮ್ನಿದ್ದೆ, ಗಂಡಸ್ರಿಗ್ಯಾಕೆ ಅಂತ. ಅವಳು ಅಲ್ಲಿಂದ ಎದ್ದು ಬರ್ಲಿಲ್ಲ ಅಂದ್ರೆ ಇವಳಿಗೆ ಹೇಳೋನು ನಾನೊಬ್ನೇ. ನಮಗೆ ಅಕ್ಕತಂಗೀರು ಯಾರೂ ಇಲ್ಲ. ನಂಗೆ ಏನೂ ಗೊತ್ತಿಲ್ಲ ಡಾಕ್ಟ್ರೇ. ಏನಿಡ್ಬೇಕು, ಎಷ್ಟು ಹೊತ್ತು, ಯಾವಾಗ ತೆಗೀಬೇಕು, ಎಲ್ಲಿ ಎಸೀಬೇಕು. ಒಂದೂ ಬಿಡದೆ ಹ್ಯಾಗೆ ಹೇಳ್ಬೇಕೋ ಹಾಗೆ ಹೇಳಿ. ನಂಗೆ ಹೇಳಿ." ಗೋಡೆಯ ಪಕ್ಕ ಕೂತವರು ಮಾತು ನಿಲ್ಲಿಸಿದ್ದರು. ನನ್ನ ರೂಮಿಗೆ ಹೋಗೋಣ ಬನ್ನಿ ಎಂದು ಅವಳ ಬಾಯಿಗೆ ಬಂತು. ಅವನು ಆ ಬಾಗಿಲು ಬಿಟ್ಟು ಬರುವವನಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ಮತ್ತೆ ಬೆಂಚಿನ ಮೇಲೆ ಕೂತು, ಸರಿದು ಜಾಗ ಮಾಡಿಕೊಟ್ಟ. ಅವಳು ಅಪ್ಪ ಮಗಳ ನಡುವೆ ಕೂತಳು. ಹುಡುಗಿ ಅಪ್ಪನನ್ನು ನೋಡಿದಳು, ಹೋಗಲೋ ಇರಲೋ ಅನ್ನುವ ಹಾಗೆ. "ಇರು" ಅಂದ ಅವನು.

ಎರಡೂ ಕೈಗಳು ತೊಡೆಯ ಮೇಲೆ ತೆಪ್ಪಗೆ ಬಿದ್ದಿದ್ದವು. "ಮುಟ್ಟು ಅಂತಾರೆ ಅದನ್ನ" ಎಂದು ಶುರುಮಾಡಿದಳು, ಹುಡುಗಿಗೂ ಕೇಳುವ ಹಾಗೆ, ಗೋಡೆಯ ಪಕ್ಕದವರಿಗೂ ಕೇಳಿದರೆ ಕೇಳಲಿ ಅನ್ನುವ ಹಾಗೆ. ರಕ್ತ ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ, ಹೆದರಬಾರದು, ಪ್ಯಾಡು ಹೇಗೆ ಇಡಬೇಕು, ನೆನೆಯದಿದ್ದರೂ ಯಾಕೆ ಬದಲಾಯಿಸಬೇಕು, ಕೈ ಯಾವಾಗ ತೊಳೆಯಬೇಕು, ಒಳಗಿಟ್ಟದ್ದನ್ನು ಯಾವಾಗ ತೆಗೆಯಲೇಬೇಕು. ಬಣ್ಣದವನು ಐಸಿಯು ಬಾಗಿಲಿನ ಮೇಲೆ ಕಣ್ಣಿಟ್ಟೇ, ಹ್ಞೂಂ ಹ್ಞೂಂ ಎಂದು ಒಂದೊಂದಕ್ಕೂ ತಲೆಯಾಡಿಸುತ್ತಿದ್ದ. ನಡುವೆ ಒಮ್ಮೆ ತಡೆದು, "ಬಟ್ಟೆ ಆದ್ರೆ ಎಲ್ಲಿ ಒಣಗಿಸ್ಬೇಕು? ಬಿಸಿಲಲ್ಲೇ, ಎಲ್ರಿಗೂ ಕಾಣೋ ಹಾಗಾ?" ಎಂದು ಕೇಳಿದ. "ಬಿಸಿಲಲ್ಲೇ" ಅಂದಳು ಅವಳು. "ಸರಿ, ನಾನೇ ಹಗ್ಗ ಕಟ್ತೀನಿ" ಅಂದ ಅವನು. ಬಾಗಿಲು ಇನ್ನೂ ತೆರೆದಿರಲಿಲ್ಲ.